ಆಟದ ನಡುವೆ ಆರಿಹೋಗುತ್ತಿದ್ದ ಕಂಪ್ಯೂಟರ್

ಸಾಲಿಗ್ರಾಮದ ಹಿಟ್ಟಿನ ಗಿರಣಿಗೆ ರಾಗಿ ಬೀಸಿಸಲು ಬರುವವರಿಗೆ ಶಾಂಭವಿ ಗೌರೀಶನ ಹೆಂಡತಿ, ಶಿವರುದ್ರಮ್ಮನ ಸೊಸೆ, ಅಷ್ಟೆ. ಆದರೆ ಮಧ್ಯಾಹ್ನ ಗಿರಣಿಯ ಹಿಂದಿನ ಕೋಣೆಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡು ಕುಳಿತಳೆಂದರೆ ಅವಳು ಐದು ಹೆಣ್ಣುಮಕ್ಕಳ ತಂಡವೊಂದರ ಕಾವಲುಗಾರ್ತಿ. ಹುಣಸೂರಿನ ಶಿವಾನಿ ಆ ತಂಡದ ನಾಯಕಿ. ಉಳಿದ ಮೂವರು ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರು. ಐವರೂ ತಂತಮ್ಮ ಮನೆಯಿಂದಲೇ ಕಂಪ್ಯೂಟರಿನಲ್ಲಿ ಗುಂಡಿನ ಕಾಳಗದ ಆಟ ಆಡುತ್ತಿದ್ದರು. ಎದುರಾಳಿಗಳು ನುಗ್ಗಿ ಬಂದಾಗ ಬಾಗಿಲಲ್ಲಿ ನಿಂತು ತಡೆಯುವುದು ಶಾಂಭವಿಯ ಪಾಲಿನ ಕೆಲಸ.

ಆ ಕಂಪ್ಯೂಟರನ್ನು ಅವಳು ಬಿಸಿಎ ಓದುವಾಗ ಬಿಡಿಭಾಗ ತಂದು ತಾನೇ ಜೋಡಿಸಿದ್ದಳು. ಮದುವೆಯಾಗಿ ಬರುವಾಗ ಪಾತ್ರೆಗಳ ಜೊತೆಗೆ ಅದನ್ನೂ ತಂದಿದ್ದಳು. ಗೌರೀಶ ಅದಕ್ಕೊಂದು ಮೇಜು ಮಾಡಿಸಿಕೊಟ್ಟ. ಶಿವರುದ್ರಮ್ಮ ಹೊಗಳಲೂ ಇಲ್ಲ, ತೆಗಳಲೂ ಇಲ್ಲ.

ಜಿಲ್ಲೆಯ ಹೆಣ್ಣುಮಕ್ಕಳಿಗೆಂದೇ ಮೈಸೂರಿನ ಕ್ಲಬ್ಬೊಂದು ಪಂದ್ಯಾವಳಿ ನಡೆಸಿದಾಗ ತೊಂದರೆ ಶುರುವಾಯಿತು. ಮೊದಲನೇ ಪಂದ್ಯದಲ್ಲಿ ಎದುರಾಳಿಗಳು ಬಾಗಿಲಿಗೆ ಬಂದ ಹೊತ್ತಿಗೆ ಸರಿಯಾಗಿ ಪರದೆ ಕಪ್ಪಾಯಿತು. ಕಂಪ್ಯೂಟರ್ ತಾನೇ ಆರಿ ತಾನೇ ಹತ್ತಿಕೊಂಡಿತು. ಅವಳು ಮತ್ತೆ ಆಟದೊಳಗೆ ಸೇರುವಷ್ಟರಲ್ಲಿ ಆ ಸುತ್ತು ಕೈತಪ್ಪಿತ್ತು. ಎರಡನೇ ಪಂದ್ಯದಲ್ಲೂ ಅದೇ ಕಥೆ. ಉಳಿದ ನಾಲ್ವರು ಹೇಗೋ ಏಗಿ ಎರಡನ್ನೂ ಗೆದ್ದರು.

ಪಂದ್ಯ ಮುಗಿದ ಕೂಡಲೇ ಶಿವಾನಿಯ ಫೋನು ಬಂತು.

"ಲೇ ಶಾಂಭವಿ, ಸೋಲ್ತಿರೋ ಹೊತ್ನಲ್ಲೇ ನಿನ್ ಸಿಸ್ಟಮ್ ಯಾಕೆ ಆಫ್ ಆಯ್ತದೆ? ಸುಮ್ನೆ ಕೂತಾಗ ಆಗಕಿಲ್ವಾ?"

"ನಾನೇ ಆಫ್ ಮಾಡ್ತೀನಿ ಅಂತೀಯಾ?"

"ನಾನು ಅನ್ನಕಿಲ್ಲ. ಉಳಿದೋರು ಅಂತಾವ್ರೆ. ಭಾನುವಾರ ಸೆಮಿಫೈನಲ್ಲು. ಬೇರೆಯವಳನ್ನ ಆಡಿಸ್ಬೇಕಾ, ಯೋಚ್ನೆ ಮಾಡಿ ಹೇಳು."

ಶಾಂಭವಿಗೆ ಮೈಯೆಲ್ಲ ಉರಿದುಹೋಯಿತು. ಆ ಕೋಣೆಯ ಸ್ವಿಚ್ಚು ಇದ್ದದ್ದು ಗೋಡೆಯಾಚೆ ಗಿರಣಿಯ ಕಡೆಗೆ, ಶಿವರುದ್ರಮ್ಮ ಕೂರುವ ಸ್ಟೂಲಿನ ಮೇಲ್ಗಡೆ. ಅವಳು ನೇರ ಅಲ್ಲಿಗೇ ಹೋದಳು.

"ಅತ್ತೆ, ನೀವು ಸ್ವಿಚ್ ಮುಟ್ಟಿದ್ರಾ?"

"ಇಲ್ಲ ಕಣವ್ವ."

"ಮತ್ತೆ ಇಲ್ಲಿ ಇನ್ಯಾರಿದ್ದಾರೆ ಮುಟ್ಟೋಕೆ?"

ಹಿಟ್ಟು ತುಂಬುತ್ತಿದ್ದ ಶಿವರುದ್ರಮ್ಮನ ಕೈ ನಿಂತಿತು. ಎದ್ದು ಸ್ಟೂಲನ್ನು ತೆಗೆದುಕೊಂಡು ಹೋಗಿ ಬೀದಿಯ ಬಾಗಿಲ ಹತ್ತಿರ ಹಾಕಿಕೊಂಡರು. ಅಂದಿನಿಂದ ಸೊಸೆಯ ಕೋಣೆಯ ಕಡೆ ಅವರು ಸುಳಿಯಲೇ ಇಲ್ಲ.

ಮರುದಿನ ಅತ್ತೆ ಅಂಗಡಿಬೀದಿಗೆ ಹೋಗಿದ್ದಾಗ ಶಾಂಭವಿ ಒಬ್ಬಳೇ ಆಡಿ ನೋಡಿದಳು. ಕಂಪ್ಯೂಟರ್ ಆಗಲೂ ಆರಿಹೋಯಿತು. ಸ್ವಿಚ್ಚಿನ ಬಳಿ ಯಾರೂ ಇರಲಿಲ್ಲ. ಮಾಡಿದ ತಪ್ಪು ಎದೆಯಲ್ಲಿ ಮುಳ್ಳಿನಂತೆ ನಿಂತಿತು. ಆದರೆ ಅತ್ತೆಯ ಮುಂದೆ ನಿಂತು ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

ಅವಳು ಕ್ಯಾಬಿನೆಟ್ ಬಿಚ್ಚಿದಳು. ಒಳಗಿನ ಫ್ಯಾನುಗಳಿಗೆ ರಾಗಿಹಿಟ್ಟು ಮೆತ್ತಿಕೊಂಡು ಗಟ್ಟಿಯಾಗಿತ್ತು. ಸಿಕ್ಕಿತು ಅಂದುಕೊಂಡಳು. ಗೌರೀಶ ಮೋಟಾರಿನ ಧೂಳು ಹೊಡೆಯುವ ಬ್ಲೋವರ್ ತಂದು ಊದಿಕೊಟ್ಟ. ಕಾವು ಇಳಿಯಿತು, ಆದರೂ ಕಂಪ್ಯೂಟರ್ ಆರಿತು. ಆಟವನ್ನು ಅಳಿಸಿ ಹೊಸದಾಗಿ ಹಾಕಿದಳು, ಆರಿತು. ಎರಡು ರ‍್ಯಾಮ್‌ಗಳಲ್ಲಿ ಒಂದೊಂದನ್ನೇ ಇಟ್ಟು ಆಡಿದಳು, ಎರಡರಲ್ಲೂ ಆರಿತು. ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೂ ಅಷ್ಟೆ. ಶನಿವಾರ ಸಂಜೆಯ ಹೊತ್ತಿಗೆ ಅವಳ ಬೆರಳ ತುದಿಗಳು ತಗಡಿನ ಅಂಚಿಗೆ ತಾಗಿ ಕೊಯ್ದುಹೋಗಿದ್ದವು.

"ನೀನು ಆಡೋದಿಲ್ಲ ಅಂದ್ಬುಡು. ಯಾಕಿಷ್ಟು ಒದ್ದಾಡ್ತೀಯ?" ಅಂದ ಗೌರೀಶ.

"ಈಗ ಬಿಟ್ರೆ ಅವರು ಅಂದಿದ್ದು ನಿಜ ಆಗ್ತದೆ ಕಣ್ರೀ."

ಭಾನುವಾರ ಬೆಳಿಗ್ಗೆ ಕಪ್ಪು ಪರದೆಯ ಮುಂದೆ ಕುಳಿತಿದ್ದಾಗ ಶಿವಾನಿಯ ಚುಚ್ಚುಮಾತೇ ಮತ್ತೆ ತಲೆಯೊಳಗೆ ತಿರುಗಿತು. ಸುಮ್ಮನೆ ಕೂತಾಗ ಆಗುವುದಿಲ್ಲವಾ? ಇಲ್ಲ, ಆಗುವುದಿಲ್ಲ. ಹಾಡು ಕೇಳುವಾಗ, ಗಿರಣಿಯ ಲೆಕ್ಕ ಬರೆಯುವಾಗ ಒಂದು ದಿನವೂ ಆಗಿಲ್ಲ. ಎಲ್ಲರೂ ಒಟ್ಟಿಗೆ ನುಗ್ಗಿ, ಹೊಗೆ ಬೆಂಕಿ ಎಲ್ಲ ತೋರಿಸಬೇಕಾದಾಗ ಮಾತ್ರ ಆಗುತ್ತದೆ. ಗ್ರಾಫಿಕ್ಸ್ ಕಾರ್ಡು ಅತಿ ಹೆಚ್ಚು ಕರೆಂಟು ಎಳೆಯುವುದೂ ಆಗಲೇ.

ಅವಳು ಕಾರ್ಡಿಗೆ ಬೇಕೆಂದೇ ಪೂರ್ತಿ ಹೊರೆ ಹೊರಿಸುವ ಪರೀಕ್ಷೆ ಶುರು ಮಾಡಿ, ಕಣ್ಣು ಪರದೆಯ ಮೇಲಿಟ್ಟು ಕಾಯತೊಡಗಿದಳು. ಫ್ಯಾನುಗಳ ಸದ್ದು ಏರಿತು. ಆಗ ಬಾಗಿಲಲ್ಲಿ ದನಿ ಕೇಳಿಸಿತು.

"ನಾನು ಒಳಕ್ಕೆ ಬರಕಿಲ್ಲ." ಶಿವರುದ್ರಮ್ಮ ಹೊಸಲಿನಾಚೆ ನಿಂತಿದ್ದರು. "ಆದ್ರೆ ಏನೋ ಸುಟ್ಟ ವಾಸ್ನೆ ಬತ್ತಾ ಅದೆ. ನೋಡವ್ವ."

ಶಾಂಭವಿ ಮೂಗೆಳೆದಳು. ನಿಜ, ಪ್ಲಾಸ್ಟಿಕ್ ಕರಗುವ ವಾಸನೆ. ಬಗ್ಗಿ ನೋಡಿದರೆ ಕ್ಯಾಬಿನೆಟ್ಟಿನೊಳಗಿಂದ ನೂಲಿನಂಥ ಹೊಗೆ. ಗೋಡೆಯಾಚೆಯ ಗಿರಣಿಯಲ್ಲಿ ಹಿಟ್ಟಿನ ಧೂಳು ಗಾಳಿಯಲ್ಲೇ ತೇಲುತ್ತಿರುತ್ತದೆ. ಅದು ಹೊತ್ತಿಕೊಳ್ಳಲು ಒಂದು ಕಿಡಿ ಸಾಕು.

"ಅತ್ತೆ, ಸ್ವಿಚ್ ಆಫ್ ಮಾಡಿ," ಎಂದು ಕೂಗಿದಳು.

ಶಿವರುದ್ರಮ್ಮ ಓಡಿದರು. ಟಕ್ಕನೆ ಎಲ್ಲ ಸ್ತಬ್ಧವಾಯಿತು. ಹೊಗೆ ನಿಧಾನವಾಗಿ ಅಡಗಿತು. ಒಳಗೆ ನೋಡಿದರೆ ಗ್ರಾಫಿಕ್ಸ್ ಕಾರ್ಡಿಗೆ ಕರೆಂಟು ಕೊಡುವ ವೈರಿನ ತುದಿ ಕಂದಿ ಕರಗಿಹೋಗಿತ್ತು. ಕಾರ್ಡಿನ ಪಿನ್ನುಗಳು ಮಾತ್ರ ಚೆನ್ನಾಗಿದ್ದವು. ಕೆಟ್ಟಿದ್ದದ್ದು ಆ ವೈರು ಹೊರಡುವ ಎಸ್‌ಎಂಪಿಎಸ್, ಬಂದ ಕರೆಂಟನ್ನು ಒಳಗಿನ ಭಾಗಗಳಿಗೆಲ್ಲ ಹಂಚುವ ಪೆಟ್ಟಿಗೆ.

ಶಾಂಭವಿ ಎದ್ದು ಹೊಸಲ ಹತ್ತಿರ ಹೋದಳು. ಅತ್ತೆ ಮರಳಿ ಬಂದು ಅಲ್ಲೇ ನಿಂತಿದ್ದರು.

"ನಿಮ್ಮ ಮೇಲೆ ತಪ್ಪು ಹೊರಿಸ್ದೆ ಅತ್ತೆ. ಮಾರನೇ ದಿನವೇ ಗೊತ್ತಾಗಿತ್ತು, ನೀವಲ್ಲ ಅಂತ. ಹೇಳೋಕಾಗ್ಲಿಲ್ಲ."

ಶಿವರುದ್ರಮ್ಮ ಅವಳ ಬೆರಳ ಗಾಯಗಳನ್ನು ನೋಡಿದರು. "ನಂಗೆ ನೋವಾಗಿದ್ದು ನಿಜ ಕಣವ್ವ," ಅಂದರು. ಆಮೇಲೆ ಕ್ಯಾಬಿನೆಟ್ಟಿನತ್ತ ಕೈ ತೋರಿಸಿದರು. "ಇದು ರಿಪೇರಿ ಆಯ್ತದಾ?"

"ಇವತ್ತು ಅಂಗಡಿ ತೆಗೆದಿರಲ್ಲ."

ಶಾಂಭವಿ ಕರಗಿದ ವೈರಿನ ಚಿತ್ರ ತೆಗೆದು ಶಿವಾನಿಗೆ ಕಳಿಸಿದಳು. ಫೋನು ತಕ್ಷಣ ಬಂತು. ಈ ಸಲ ಶಿವಾನಿಯ ದನಿ ತಗ್ಗಿತ್ತು. "ನಮ್ಮಣ್ಣನ ಸಿಸ್ಟಮ್ಮು ಸುಮ್ನೆ ಬಿದ್ದದೆ. ಅದ್ರದ್ದು ಹಾಕಣ. ಎತ್ಕೊಂಡು ಬಂದ್ಬುಡು."

"ಗಿರಣಿ ನಾನು ನೋಡ್ಕತೀನಿ, ನೀವು ಹೊರಡಿ," ಅಂದರು ಶಿವರುದ್ರಮ್ಮ.

ಗೌರೀಶ ಗೂಡ್ಸ್ ಆಟೋ ತೆಗೆದ. ಶಾಂಭವಿ ಕ್ಯಾಬಿನೆಟ್ಟಿಗೆ ಕಂಬಳಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಳು. ರಸ್ತೆಯ ಪ್ರತಿ ಉಬ್ಬಿಗೂ ಅದನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದಳು. ಹುಣಸೂರಿನ ಮನೆ ಮುಟ್ಟಿದಾಗ ಪಂದ್ಯಕ್ಕೆ ಒಂದು ಗಂಟೆಯೂ ಉಳಿದಿರಲಿಲ್ಲ. ಶಿವಾನಿ ಬಾಗಿಲಲ್ಲೇ ಕಾಯುತ್ತಿದ್ದಳು. ಇಬ್ಬರೂ ನೆಲದ ಮೇಲೆ ಕುಳಿತು, ಹಳೆಯ ಪೆಟ್ಟಿಗೆ ಬಿಚ್ಚಿ ಇನ್ನೊಂದನ್ನು ಕೂರಿಸಿದರು. ಮೊದಲ ಸಲ ಒತ್ತಿದಾಗ ಕಂಪ್ಯೂಟರ್ ಹತ್ತಲಿಲ್ಲ. ಶಾಂಭವಿ ಮತ್ತೊಮ್ಮೆ ಒತ್ತಿದಳು, ಆಗಲೂ ಇಲ್ಲ. ಶಿವಾನಿ ಟಾರ್ಚ್ ಹಿಡಿದು ನೋಡಿ, ಸಡಿಲವಾಗಿದ್ದ ಒಂದು ಪ್ಲಗ್ಗನ್ನು ಒತ್ತಿದಳು. ಫ್ಯಾನು ತಿರುಗಿತು.

ಪಂದ್ಯ ಕೊನೆಯ ಸುತ್ತಿನವರೆಗೂ ಸಮಬಲದಲ್ಲಿ ಸಾಗಿತು. ಎದುರಾಳಿಗಳು ಐವರೂ ಒಂದೇ ಸಲ ಬಾಗಿಲಿಗೆ ನುಗ್ಗಿದರು, ಹೊಗೆ ಎದ್ದಿತು. ಶಾಂಭವಿ ಶತ್ರುಗಳಿಗೆ ಹೆದರಲಿಲ್ಲ. ಪರದೆ ಈಗ ಆರುತ್ತದೆ, ಇನ್ನೇನು ಆರುತ್ತದೆ ಎಂದೇ ಹೆದರುತ್ತಿದ್ದಳು. ಅದು ಆರಲಿಲ್ಲ. ಅವಳು ಇಬ್ಬರನ್ನು ಬಾಗಿಲಲ್ಲೇ ಬೀಳಿಸಿ, ಮೂರನೆಯವಳ ಗುಂಡೇಟಿಗೆ ತಾನೂ ಬಿದ್ದಳು. ಉಳಿದದ್ದನ್ನು ಪಕ್ಕದ ಮೇಜಿನಿಂದ ಶಿವಾನಿ ಮುಗಿಸಿದಳು.

ಮುಂದಿನ ವಾರದ ಫೈನಲ್ಲಿನಲ್ಲಿ ಅವರು ಸೋತರು, ಅದೂ ಹೀನಾಯವಾಗಿ. ಅದಕ್ಕೆ ಯಾರೂ ಕಂಪ್ಯೂಟರನ್ನು ದೂರಲಿಲ್ಲ. ಅಷ್ಟರಲ್ಲಿ ಗೌರೀಶ ಮೇಜನ್ನು ಗಿರಣಿಯಿಂದ ದೂರ, ಮನೆಯ ನಡುಮನೆಗೇ ಸಾಗಿಸಿದ್ದ. ಅಲ್ಲಿ ಶಿವರುದ್ರಮ್ಮ ಸೊಪ್ಪು ಬಿಡಿಸುತ್ತ ಕುಳಿತು, "ಆ ಕೆಂಪಂಗಿಯವಳು ನಿಮ್ಮ ಕಡೆಯವಳಾ?" ಎಂದು ಆಗಾಗ ಕೇಳುತ್ತಾರೆ. ಆಡುತ್ತಲೇ ಶಾಂಭವಿ ಉತ್ತರ ಹೇಳುತ್ತಾಳೆ.