ಹಾಲು ಉಕ್ಕಿದ ಪೂಜೆ

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಸೀದ ಹಾಲಿನ ವಾಸನೆ ಬಂತು. ಓಡಿಹೋಗಿ ಗ್ಯಾಸ್ ಆರಿಸಿದೆ. ಸೊಸೆ ಅಲ್ಲೇ ಪಕ್ಕದ ಕೋಣೆಯಲ್ಲಿ ಶಿವಪೂಜೆಗೆ ಕೂತಿದ್ದಳು. ಬೈಯಲೆಂದು ಸೆರಗು ಸಿಕ್ಕಿಸಿಕೊಂಡು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಯಾಕೆ ಅಂತೀರಾ? ಹೇಳುತ್ತೇನೆ, ಕೂತುಕೊಳ್ಳಿ. ಹೇಗಿದ್ದರೂ ಇವತ್ತು ಕಾಫಿ ತಡ.

ನಾನು ಹರಿಹರದ ಹುಡುಗಿ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆಯಾಗಿ ದಾವಣಗೆರೆಯ ಕೆ.ಬಿ. ಬಡಾವಣೆಗೆ ಬಂದೆ. ರೈಲು ಹತ್ತಿದರೆ ಶೇಂಗಾ ಪೊಟ್ಟಣ ಖಾಲಿಯಾಗುವಷ್ಟರಲ್ಲಿ ಮುಟ್ಟುವ ಊರು. ನಾನು ಮಾತ್ರ ಕಾಶಿಗೆ ಕಳಿಸಿದ ಹಾಗೆ ಅಳುತ್ತಿದ್ದೆ. ಅಳುವುದಕ್ಕಾದರೂ ಜಾಗ ಬೇಡವೇ? ಮನೆಯಲ್ಲಿ ಹದಿನಾಲ್ಕು ಜನ. "ತಂಗೀ, ನೀರು ತಾ", "ತಂಗೀ, ಮೆಣಸಿನಕಾಯಿ ಎಲ್ಲೈತೆ?" ಬಚ್ಚಲಿಗೆ ಹೋಗಿ ಅತ್ತರೆ ಅಲ್ಲಿಯೂ ಬಾಗಿಲು ಬಡಿಯುತ್ತಿದ್ದರು.

ಆಗ ನನ್ನ ಕಣ್ಣು ಅತ್ತೆಯವರ ಪೂಜೆಯ ಮೇಲೆ ಬಿತ್ತು. ಇಷ್ಟಲಿಂಗ ಅಂಗೈಮೇಲೆ ಇರುವಷ್ಟು ಹೊತ್ತು ಮಾತಾಡುವಂತಿಲ್ಲ, ಏಳುವಂತಿಲ್ಲ, ಯಾರೂ ಕರೆಯುವಂತಿಲ್ಲ. ಆಹಾ! ತವರಿನಲ್ಲಿ ನನ್ನದು ಸಾರಿಗೆ ಒಗ್ಗರಣೆ ಹಾಕುವಷ್ಟು ಹೊತ್ತಿನ ಪೂಜೆ. ಇಲ್ಲಿ ಅರ್ಧ ಗಂಟೆಗೆ ಏರಿತು. ಓಣಿಯ ಹೆಂಗಸರು ನನ್ನ ಭಕ್ತಿಯನ್ನು ಹೊಗಳಿದರು. ಭಕ್ತಿಯೂ ಇಲ್ಲ, ಗಿಕ್ತಿಯೂ ಇಲ್ಲ, ಅಪ್ಪಟ ಮೈಗಳ್ಳತನ.

ಆದರೆ ಕಳ್ಳತನಕ್ಕೆ ಕೂತರೂ ಕೂತದ್ದು ಕೂತದ್ದೇ ನೋಡಿ. ಕಪ್ಪು ಲಿಂಗದ ಮೇಲೆ ದೀಪದ್ದೊಂದು ಚುಕ್ಕಿ ಬೆಳಕು. ಅದನ್ನು ನೋಡುತ್ತಾ ಮೊದಲು ಹರಿಹರದ ಹೊಳೆ ನೆನಪಾಗುತ್ತಿತ್ತು, ಆಮೇಲೆ ಹೊಳೆಯೂ ಮರೆತು ಚುಕ್ಕಿಯೊಂದೇ ಉಳಿಯುತ್ತಿತ್ತು. ಏಳುವಾಗ ಎದೆ ಹಗುರ. ರೊಟ್ಟಿ ಬಡಿಯುತ್ತಾ ಗುನುಗುತ್ತಿದ್ದೆ!

ಒಂದು ದಿನ ಮನೆಮಂದಿಯೆಲ್ಲ ಪಕ್ಕದ ಹದಡಿ ಊರಿಗೆ ಮದುವೆಗೆ ಹೋದರು. ಉಳಿದದ್ದು ಅತ್ತೆಯವರು ಮತ್ತು ನಾನು. ಒಲೆಯ ಮೇಲಿನ ಹಾಲನ್ನು ಅವರು ನೋಡುತ್ತಾರೆಂದು ನಾನು ಪೂಜೆಗೆ ಕೂತೆ, ನಾನು ನೋಡುತ್ತೇನೆಂದು ಅವರೂ ಕೂತರು. ಅಡುಗೆಮನೆಯ ಮೂಲೆಯಲ್ಲೇ ಎದುರುಬದುರು, ಇಬ್ಬರ ಅಂಗೈಯಲ್ಲೂ ಲಿಂಗ. ಹಾಲು ಏರತೊಡಗಿತು. ಅತ್ತೆಯವರ ನೋಟ ಮೆಲ್ಲಗೆ ನನ್ನ ಕಡೆ ಜಾರಿತು. ನನ್ನದು ಆಗಲೇ ಜಾರಿತ್ತು. ಅವರು ಹುಬ್ಬಿನಲ್ಲಿ ಒಲೆ ತೋರಿಸಿದರು. ನಾನು ಗಲ್ಲದಲ್ಲಿ ಅವರನ್ನೇ ತೋರಿಸಿದೆ. ಹಾಲು ಸೊರ್ರೆಂದು ಬೆಂಕಿಗೆ ಬಿತ್ತು. ಮನೆಯೆಲ್ಲ ಹೊಗೆ, ಬೂದಿ. ಅತ್ತೆಯವರ ಹೊಟ್ಟೆ ಕುಲುಕತೊಡಗಿತು. ತುಟಿ ಕಚ್ಚಿಕೊಂಡು ಹೇಗೋ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯೊಳಗಿಟ್ಟು, ಆಮೇಲೆ ನಕ್ಕೆವು ನೋಡಿ, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ.

"ನಿಂಗ ಕಾಣ್ಲಿಲ್ಲೇನ?"

"ನಿಮಗ ಕಾಣ್ಲಿಲ್ಲೇನ್ರಿ, ಅತ್ತೆ?"

ನಗುವಿನ ಅಮಲಿನಲ್ಲಿ ಬಾಯಿ ಜಾರಿತು. "ನಾನು ಭಕ್ತಿಗೆ ಕೂಡಲ್ರಿ. ಯಾರೂ ಕರೀಬಾರ್ದು ಅಂತ ಕೂಡ್ತೀನಿ." ಅಂದುಬಿಟ್ಟೆ. ಇದ್ದ ಒಂದು ಮೂಲೆಯನ್ನೂ ಕಳೆದುಕೊಂಡೆ ಅಂದುಕೊಂಡೆ.

ಅತ್ತೆಯವರು ಕಣ್ಣೊರೆಸಿಕೊಂಡರು. "ತವರೂರು ಸಾರಥಿಯಿಂದ ಈ ಮನೀಗೆ ಬಂದಾಗ ನಾನು ಮತ್ಯಾಕ ಕುಂತೆ ಅಂದ್ಕಂಡಿ? ಕುಂತು ಕುಂತು ರೂಢಿ ಆತು. ರೂಢಿ ಆಗಿ ಆಗಿ ಸಮಾಧಾನ ಆತು. ನಾಳಿಂದ ನೀ ಮೊದ್ಲು ಕೂಡು. ಹಾಲು ನಾ ನೋಡ್ತೀನಿ."

ಈಗ ಬಾಗಿಲಿಗೆ ಬನ್ನಿ. ನನ್ನ ಸೊಸೆಯ ನೋಟ ನನ್ನ ಕಡೆ ಜಾರಿ, ಬೆದರಿ, ಮತ್ತೆ ಅಂಗೈಗೆ ಓಡಿತು. ವಾರದಿಂದ ಅವಳ ಪೂಜೆ ಉದ್ದವಾಗುತ್ತಿದೆ. ಗಮನಿಸಿದ್ದೆ, ಯಾಕೆಂದು ಯೋಚಿಸಿರಲಿಲ್ಲ. ಪೂಜೆಯಲ್ಲಿದ್ದವರನ್ನು ಮಾತಾಡಿಸಬಾರದು, ಗೊತ್ತು. ಆದರೂ ಸೀದ ಪಾತ್ರೆ ಎತ್ತಿಕೊಂಡು ತಿಕ್ಕಲು ಹೊರಟವಳು ಹೇಳಿಯೇಬಿಟ್ಟೆ:

"ಕೂಡವ್ವ, ಇನ್ನೊಂದೀಟು ಹೊತ್ತು ಕೂಡು. ಹಾಲು ನಾ ನೋಡ್ತೀನಿ."