ಹುಣಸೆಬೀಜದ ಓಟು

ಅಕ್ಕೋರ ಎಡಗಿವಿಯ ಹಾಲೆ ಸೀಳಿಹೋಗಿತ್ತು. ಓಲೆ ಬಲಗಿವಿಗೆ ಮಾತ್ರ. ಯಾರಾದರೂ ಕೇಳಿದರೆ, "ಒಂದು ಕಿವಿ ಚಂದ ಕಾಣಾಕ, ಇನ್ನೊಂದು ಕೇಳಾಕ" ಎಂದು ನಗುತ್ತಿದ್ದರು. ಹಾವೇರಿ ಕಡೆಯವರು. ಸಿದ್ದಾಪುರದ ಹತ್ತಿರದ ನಮ್ಮೂರ ಸರ್ಕಾರಿ ಶಾಲೆಗೆ ಅವರು ಶಿಕ್ಷಕಿಯಾಗಿ ಬಂದಾಗ ನಿಮ್ಮ ಅಮ್ಮ ನಾಲ್ಕನೇ ತರಗತಿಯಲ್ಲಿದ್ದಳು. ನಿಮ್ಮ ಅಜ್ಜ ತೀರಿಕೊಂಡು ವರ್ಷ ತುಂಬಿರಲಿಲ್ಲ.

ಮಕ್ಕಳು ಗದ್ದಲ ಮಾಡಿದರೆ ಅವರು ಬೆತ್ತ ಹುಡುಕುತ್ತಿರಲಿಲ್ಲ. ಕೂತು ಸೆರಗಿನಲ್ಲಿ ಕನ್ನಡಕ ಒರೆಸುತ್ತಿದ್ದರು. ಗದ್ದಲ ತಾನಾಗಿ ಇಳಿಯುತ್ತಿತ್ತು.

ಶಾಲೆಯ ಮಂತ್ರಿಮಂಡಲಕ್ಕೆ ಹಿಂದಿನ ಮಾಸ್ತರರು ತಾವೇ ಹೆಸರು ಓದಿಬಿಡುತ್ತಿದ್ದರು. ಇವರು ಕಪ್ಪುಹಲಗೆಯ ಹಿಂದೆ, ಚುನಾವಣೆಗೆ ನಿಂತವರಿಗೊಂದೊಂದು ತೆಂಗಿನ ಗೆರಟೆಯಿಟ್ಟು, ಮಗುವಿಗೊಂದು ಹುಣಸೆಬೀಜ ಕೊಟ್ಟು ಓಟು ಹಾಕಿಸಿದರು. ಕೂಲಿಯವಳ ಮಗಳು ಮುಖ್ಯಮಂತ್ರಿಯಾದಳು. ಸೋತವನು ಶಾಲೆಯ ಪಕ್ಕದ ಮನೆಯ ಯಜಮಾನರ ಮೊಮ್ಮಗ. ಶಾಲೆಗೆ ಬಾವಿಯಿರಲಿಲ್ಲ. ಕುಡಿಯಲಿಕ್ಕೂ ಬಿಸಿಯೂಟಕ್ಕೂ ಆ ಮನೆಯದೇ ನೀರು.

ಮರುದಿನ ಯಜಮಾನರು ಶಾಲೆಗೆ ಬಂದರು. ಮಗಳನ್ನು ಬಿಡಲು ಹೋದ ನಾನು ಕಂಬದ ಮರೆಯಲ್ಲಿ ನಿಂತೆ.

"ಅಕ್ಕೋರೇ, ಇನ್ನೊಂದ್ಸಲ ಬೀಜ ಹಾಕ್ಸಿ."

"ಯಾಕ್ರೀ, ಎಣಿಕಿ ತಪ್ಪೈತೇನು?"

"ಎಣಿಕೆ ಸರಿ ಇದೆ. ಮಂತ್ರಿ ಸರಿ ಇಲ್ಲ."

"ಹುಡುಗರು ಆರಿಸ್ಯಾರ. ಓದೋದು ಬರಿಯೋದು ಮನ್ಯಾಗೂ ಕಲೀಬೌದ್ರೀ. ಗೆದ್ದಾಕಿ, ಸೋತಾಂವ ಒಂದ ಚಾಪಿ ಮ್ಯಾಲ ಕೂಡೋದನ್ನ ಸಾಲ್ಯಾಗ ಕಲೀಬೇಕು."

ಸಂಜೆಯೊಳಗೆ ಯಜಮಾನರ ಬಾವಿಯ ಹಗ್ಗ ಮಾಯವಾಯಿತು. ನೀರಿಲ್ಲದೆ ಅಡುಗೆಯಿಲ್ಲ, ಅಕ್ಕೋರು ಸೋಲಲೇಬೇಕು ಎಂದು ಊರೆಲ್ಲ ಮಾತಾಡಿತು. ಅವರು ಖಾಲಿ ಕೊಡ ಹಿಡಿದು ನಮ್ಮ ಹಿತ್ತಿಲ ಬಾವಿಯ ಹತ್ತಿರ ಬಂದರು. ಆಗ ಮನೆಯ ವ್ಯವಹಾರವೆಲ್ಲ ನನ್ನ ಮೈದುನನದು, ಅಂದರೆ ನಿಮ್ಮ ಚಿಕ್ಕಜ್ಜನದು. ಅವನಿಗೂ ಯಜಮಾನರಿಗೂ ಬಹಳ ಬಳಕೆ.

"ಸಾಲಿಗೆ ನೀರು ಕೊಡ್ತೀರೇನ್ರೀ?"

"ಮೈದುನನ್ನ ಕೇಳಿ ಹೇಳ್ತೆ."

"ದಿನಾ ಇಲ್ಲಿ ನೀರು ಸೇದೋರು ಯಾರು?"

"ನಾನೇ."

"ಹಂಗಾರ ನಿಮ್ಮನ್ನ ಕೇಳಾಕತ್ತೀನಿ."

ನಾನು ಒಮ್ಮೆ ಮನೆಯ ಬಾಗಿಲ ಕಡೆ ತಿರುಗಿ ನೋಡಿದೆ. ಅವರು ಕನ್ನಡಕ ಒರೆಸುತ್ತ ನಿಂತರು. ಕೊನೆಗೆ ನಾನೇ ಅವರ ಕೊಡ ತುಂಬಿಸಿದೆ.

ಮೈದುನ ಮನೆಗೆ ಬಂದವನೇ, "ಅತ್ಗೆ, ಯಾರನ್ ಕೇಳಿ ಕೊಟ್ಟೆ?" ಎಂದ.

"ಯಾರನ್ನೂ ಕೇಳಿದ್ನಿಲ್ಲೆ" ಎಂದೆ. ಆ ಮನೆಯಲ್ಲಿ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವನು ಕೆಲವು ದಿನ ಮಾತು ಬಿಟ್ಟ. ನಾನು ನೀರು ಕೊಡುವುದನ್ನು ಬಿಡಲಿಲ್ಲ. ಮುಖ್ಯಮಂತ್ರಿ ಹುಡುಗಿ ಯಜಮಾನರ ಮೊಮ್ಮಗನನ್ನೇ ನೀರಿನ ಮಂತ್ರಿ ಮಾಡಿದ್ದಳು. ಕೊಡದ ಕೊರಳಿಗೆ ಕಟ್ಟಿದ ಹಗ್ಗಕ್ಕೆ ಕೋಲು ತೂರಿಸಿ ಇಬ್ಬರೂ ಹೊರುತ್ತಿದ್ದರು. ತನ್ನ ಅಜ್ಜನ ಅಂಗಳದ ಮುಂದೆ ಬಂದಾಗ ಹುಡುಗ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದ.

ಮುಂದೆ ಅಕ್ಕೋರಿಗೆ ಯಲ್ಲಾಪುರದ ಕಡೆಗೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ ಅಲ್ಲೇ ತೀರಿಕೊಂಡರು. ಸುದ್ದಿ ತಂದವನು ಮೈದುನ. ಹೇಳಿ ಬಾಗಿಲಲ್ಲೇ ನಿಂತ.

"ಅತ್ಗೆ, ಯಲ್ಲಾಪುರಕ್ಕೆ ಹೋಪದಾ? ನೀನೇ ಹೇಳು."

"ಹೋಪನ" ಎಂದೆ.