ನ್ಯಾದೋಲ್ ತನ್ನ ಹೆಸರು ಹೇಳಿದ್ದು

ಜಪಾನಿನ ಕಾಶಿವಾದ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಸಂಶೋಧನೆ ಮಾಡುವ ನ್ಯಾದೋಲ್ ದಕ್ಷಿಣ ಸುಡಾನಿನವಳು. ಅದೇ ದೇಶದ ಹಮಾಮತ್ಸುವಿನ ಕಾರ್ಖಾನೆಯೊಂದರಲ್ಲಿ ದುಡಿಯುವ ಅಚೋಲ್ ಅವಳ ಗೆಳತಿ. ಇಬ್ಬರ ಊರುಗಳ ನಡುವೆ ದನಗಳ ವಿಷಯಕ್ಕೆ ತಲೆಮಾರುಗಳ ಹಗೆ. ಆ ಎರಡೂ ಊರಿನ ಹೆಂಗಸರನ್ನು ಅವರು ಒಂದೇ ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. ಗಾಳಿಸುದ್ದಿ ಹಬ್ಬಿದರೆ, ಗಂಡಸರು ಬಂದೂಕು ಎತ್ತುವ ಮೊದಲೇ ಹೆಂಗಸರು ನಿಜ ವಿಚಾರಿಸುತ್ತಿದ್ದರು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಗುಂಪಿಗೆ ಬಂದ ಧ್ವನಿಸಂದೇಶದಲ್ಲಿ ಹೆಂಗಸೊಬ್ಬಳ ಅಳು ಕೇಳಿಸಿತು. ನ್ಯಾದೋಲಳ ಊರಿನ ಮೂವರು ದನಗಾಹಿಗಳನ್ನು ಅಚೋಲಳ ಊರಿನವರು ಕೊಂದರಂತೆ. ಸೇಡಿಗೆ ಜನ ಹೊರಟು ನಿಂತಿದ್ದಾರಂತೆ. ಹಿಂದೆಯೇ ನ್ಯಾದೋಲಳ ಫೋನಿಗೆ ಗುರುತಿಲ್ಲದ ಗಂಡಸೊಬ್ಬನ ದನಿ ಬಂತು: “ನ್ಯಾದೋಲ್, ನೀನು ಬಾಯಿ ಹಾಕಬೇಡ. ನಿನ್ನ ತಾಯಿ ಚಹಾ ಮಾರುವ ಜಾಗ ನಮಗೆ ಗೊತ್ತು.”

ನ್ಯಾದೋಲ್ ತಾಯಿಗೆ ಮೂರು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

“ಸುಮ್ನಿದ್ಬಿಡು, ಪ್ಲೀಸ್. ಅಮ್ಮಂಗೆ ಏನಾದ್ರೂ ಆದ್ರೆ?” ಎಂದಳು ಪಕ್ಕದ ಮೇಜಿನ ಮೈಸೂರಿನ ಕಾತ್ಯಾಯಿನಿ.

“ಸುಮ್ಮನಿದ್ದರೆ ಎಷ್ಟು ಜನ ಅಮ್ಮಂದಿರು ಸಾಯುತ್ತಾರೋ,” ಎಂದಳು ನ್ಯಾದೋಲ್.

ಅಷ್ಟರಲ್ಲಿ ಅಚೋಲ್ ಊರಿನಲ್ಲಿದ್ದ ತನ್ನ ಅತ್ತೆಗೆ ಫೋನ್ ಮಾಡಿ, ನಿಜ ತಿಳಿದುಬರಲು ನದಿಯ ಕಡೆಗೆ ಓಡಿಸಿದ್ದಳು. ದನಗಾಹಿಗಳು ಬದುಕಿದ್ದರು, ನೀರು ಏರಿ ಆಚೆ ದಡದಲ್ಲಿ ಸಿಕ್ಕಿಕೊಂಡಿದ್ದರು. ಅತ್ತೆ ಅವರ ಕೂಗನ್ನೇ ರೆಕಾರ್ಡ್ ಮಾಡಿ ಕಳಿಸಿದಳು. ನ್ಯಾದೋಲ್ ತನ್ನ ಹೆಸರು, ತಾಯಿಯ ಹೆಸರು ಹೇಳಿ, ಇದು ನಿಜವೆಂದು ಸೇರಿಸಿ, ಆ ಕೂಗನ್ನು ತನ್ನ ಊರಿಗೆಲ್ಲ ಕಳಿಸಿದಳು. ಹೊರಟವರು ದಾರಿಯಲ್ಲೇ ನಿಂತರು.

ಸಂಜೆ ತಾಯಿಯ ಕರೆ ಬಂತು. ಯಾರೋ ಅವಳ ಒಲೆಯನ್ನು ಒದ್ದು ಕೆಡವಿದ್ದರು. ಅವಳು ತಂಗಿಯ ಮನೆ ಸೇರಿಕೊಂಡಿದ್ದಳು.

“ಅಮ್ಮಾ, ನನಗೆ ಇನ್ನೂ ಹೆದರಿಕೆ.”

“ನನಗೂ ಕಣೇ,” ಎಂದಳು ತಾಯಿ. “ಆದರೆ ಆ ಗುಂಪು ಮುಚ್ಚಬೇಡ.”